ಎರಡನೇ ಎಂಜಿನ್ ಕೂರಿಸುವ ಮುನ್ನ

ಮಗೂ, ನಿನ್ನ ಟರ್ಬೊ ಸ್ಪೋರ್ಟ್ಸ್ ಕಾರಿನ ಹಿಂಭಾಗದಲ್ಲಿ ಇನ್ನೊಂದು ಎಂಜಿನ್ ಕೂರಿಸುವ ಆಸೆ ನನಗೆ ಹುಚ್ಚಾಟವಾಗಿ ಕಾಣುವುದಿಲ್ಲ. ಘಟಾನುಘಟಿಗಳೇ ಈ ದಾರಿ ತುಳಿದಿದ್ದಾರೆ. ಅವರು ಎಲ್ಲಿ ಗೆದ್ದರು, ಎಲ್ಲಿ ಎಡವಿದರು ಎಂದು ತಿಳಿದುಕೊಂಡು ಸ್ಪ್ಯಾನರ್ ಹಿಡಿ.

1935ರಲ್ಲಿ ಸ್ಕುಡೇರಿಯಾ ಫೆರಾರಿ ತಂಡ ಕಟ್ಟಿದ ಎರಡು ಎಂಜಿನ್ನಿನ ಆಲ್ಫಾ ರೋಮಿಯೊ ಬಿಮೋಟೊರೆಯಲ್ಲಿ ರೇಸ್ ಚಾಲಕ ನುವೊಲಾರಿ ಗಂಟೆಗೆ 320 ಕಿ.ಮೀ. ದಾಟಿದರು. ರೇಸಿಗೆ ಇಳಿದಾಗ ಮಾತ್ರ ಆ ಭಾರಕ್ಕೂ ಬಲಕ್ಕೂ ಟೈರುಗಳು ತಾಳಲಿಲ್ಲ. 1987ರಲ್ಲಿ ಫೋಕ್ಸ್‌ವ್ಯಾಗನ್ ಎರಡು ಟರ್ಬೊ ಎಂಜಿನ್ನಿನ, 652 ಅಶ್ವಶಕ್ತಿಯ ಗಾಲ್ಫನ್ನು ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ರೇಸಿಗೆ ತಂದಿತು. ಗುರಿಗೆ ಕೆಲವೇ ತಿರುವು ಉಳಿದಿದ್ದಾಗ ಸಸ್ಪೆನ್ಷನ್ನಿನ ಒಂದು ಕೀಲು ಮುರಿದು ಓಟ ನಿಂತಿತು. ಎರಡೂ ಕಡೆ ಸೋತದ್ದು ಎಂಜಿನ್ನಿನ ಬಲ ಹೊರಬೇಕಾದ ಭಾಗಗಳು.

ಗೆದ್ದದ್ದು ಪುಟ್ಟ ಸಿಟ್ರೊಯೆನ್ 2ಸಿವಿ ಸಹಾರಾ. ಹಿಂದೊಂದು ಮುಂದೊಂದು 425 ಸಿ.ಸಿ. ಎಂಜಿನ್, ಒಂದು ಕೆಟ್ಟರೂ ಇನ್ನೊಂದರಲ್ಲಿ ಮರಳುಗಾಡು ದಾಟಬಹುದಿತ್ತು. ಯಾತಕ್ಕೆ ಎರಡು ಎಂಜಿನ್ ಎಂಬ ಪ್ರಶ್ನೆಗೆ ಅದರ ಬಳಿ ಉತ್ತರವಿತ್ತು. ನಿನ್ನ ಉತ್ತರವನ್ನೂ ಮೊದಲು ಬರೆದಿಡು. ಬರೀ ಅಶ್ವಶಕ್ತಿ ಬೇಕಿದ್ದರೆ ದೊಡ್ಡ ಟರ್ಬೊ, ಗಟ್ಟಿ ಪಿಸ್ಟನ್ನು, ಗಟ್ಟಿ ಕನೆಕ್ಟಿಂಗ್ ರಾಡ್ ಸಾಕು. ನಾಲ್ಕೂ ಚಕ್ರಕ್ಕೆ ಬಲ ಬೇಕೆಂದಾದರೆ ಮುಂದುವರಿ.

ಜೋಡೆತ್ತಿನಲ್ಲಿ ಒಂದು ಮುಂದೆ ಜಗ್ಗಿ ಇನ್ನೊಂದು ತಡವರಿಸಿದರೆ ಗಾಡಿ ದಾರಿ ಬಿಡುತ್ತದೆ. ಎರಡು ಎಂಜಿನ್ನಿನ ಕಾರೂ ಹಾಗೆಯೇ: ತಿರುವಿನಲ್ಲಿ ಹಿಂದಿನ ಟರ್ಬೊ ಮೊದಲು ಒತ್ತಡ ಕಟ್ಟಿದರೆ ಕಾರಿನ ಬಾಲ ಹೊರಕ್ಕೆ ಜಾರುತ್ತದೆ. ಅದಕ್ಕೇ ಎರಡೂ ಒಂದೇ ಮಾದರಿಯ ಎಂಜಿನ್ ಇರಲಿ, ಗೇರಿನ ಅನುಪಾತ ಒಂದೇ ಇರಲಿ, ನಾಲ್ಕೂ ಟೈರಿನ ಸುತ್ತಳತೆ ಸರಿಸಮ ಇರಲಿ. ಒಂದು ಎಂಜಿನ್ನಿನ ಗೇರ್‌ಬಾಕ್ಸ್ ಮೂರನೇ ಗೇರಿನಲ್ಲಿ, ಇನ್ನೊಂದರದು ಎರಡನೆಯದರಲ್ಲಿ ಸಿಕ್ಕಿಕೊಳ್ಳದಂತೆ ಗೇರ್ ಬದಲಿಸುವ ಲಿಂಕೇಜ್ ರೂಪಿಸು. ಒಂದು ಎಂಜಿನ್ ನಿಂತರೆ ಇನ್ನೊಂದರ ಬಲವನ್ನೂ ಇಳಿಸುವ ವ್ಯವಸ್ಥೆ ಇರಲಿ.

ಮುಂದಿನ ಚಕ್ರಗಳಿಗೆ ಬಲ ಕೊಡುವ ಕಾರಿನ ಎಂಜಿನ್ನನ್ನು ಸಬ್‌ಫ್ರೇಮ್ ಸಮೇತ ಹಿಂದಕ್ಕೆ ಕೂರಿಸುವುದಾದರೆ ಸ್ಟಿಯರಿಂಗಿನ ತೋಳುಗಳನ್ನು ಅಲ್ಲಾಡದಂತೆ ಬಿಗಿಯಬೇಕು. ಈ ಬಿಗಿತ ತಪ್ಪಿದರೆ ಹಿಂದಿನ ಚಕ್ರಗಳು ತಾವೇ ಅತ್ತಿತ್ತ ತಿರುಗುತ್ತವೆ. ಸಾಮಾನ್ಯವಾಗಿ ಪೆಟ್ರೋಲ್ ಟ್ಯಾಂಕ್ ಇರುವುದೂ ಅಲ್ಲೇ. ಅದನ್ನು ಸ್ಥಳಾಂತರಿಸಿ, ನಿನಗೂ ಎಂಜಿನ್ನಿಗೂ ನಡುವೆ ಉಕ್ಕಿನ ಗೋಡೆ ಕಟ್ಟು, ಬೆಂಕಿ ನಂದಿಸುವ ಸಾಧನ ಇಡು. ಹಿಂದಿನ ರೇಡಿಯೇಟರ್, ಇಂಟರ್‌ಕೂಲರ್‌ಗಳಿಗೆ ಗಾಳಿ ಎಲ್ಲಿಂದ ಬರುತ್ತದೆ ಎಂದು ಕಾಗದದ ಮೇಲೆಯೇ ತೀರ್ಮಾನಿಸು. ಲೋಹ ಕತ್ತರಿಸುವ ಮೊದಲು ಗುಜರಿಯಿಂದ ಖಾಲಿ ಬ್ಲಾಕ್ ತಂದು ಕೂರಿಸಿ ಅಳೆ.

ಭಾರತದಲ್ಲಿ ಇಂಥ ಕಾರನ್ನು ರಸ್ತೆಗೆ ಇಳಿಸಬೇಡ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನಿನ್ನ ಜಾಗ ರೇಸ್ ಟ್ರ್ಯಾಕ್.

ದುಡ್ಡನ್ನು ಮೊದಲು ಬ್ರೇಕಿಗೆ ಹಾಕು, ಆಮೇಲೆ ಟೈರಿಗೆ, ಸಸ್ಪೆನ್ಷನ್ನಿಗೆ. ಎರಡನೇ ಎಂಜಿನ್ ಕೊಳ್ಳುವುದು ಕೊನೆಗೆ. ಆ ಅನುಕ್ರಮವನ್ನು ಮಾತ್ರ ಬದಲಿಸಬೇಡ.