ಹತ್ತು ಮಕ್ಕಳ ತರಗತಿ

ಮಕ್ಕಳೇ, ನಿಮ್ಮ ಕೈಯಲ್ಲಿರುವ ಈ ಪುಸ್ತಕದ ಮೊದಲ ಪುಟವನ್ನು ತಿರುವಿ ನೋಡಿರಿ. ಪಾಠಗಳು ಕನ್ನಡದಲ್ಲಿವೆ. ಆದರೆ ಅಚ್ಚು ಹಾಕಿಸಿದ್ದು ತೆಲಂಗಾಣ ಸರ್ಕಾರ. ಹೆಚ್ಚಿನ ಜನ ತೆಲುಗು ಮಾತನಾಡುವ ರಾಜ್ಯ ಕನ್ನಡ ಪುಸ್ತಕವನ್ನು ಏಕೆ ಅಚ್ಚು ಹಾಕಿಸುತ್ತದೆ?

ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1948ರವರೆಗೆ ಕಂಗ್ಟಿ, ನಾರಾಯಣಖೇಡ, ಜಹೀರಾಬಾದ, ತಾಂಡೂರು ಎಲ್ಲವೂ ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದವು. ಆಡಳಿತದ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠಗಳೂ ಉರ್ದುವಿನಲ್ಲೇ ನಡೆದವು. ಭಾರತದ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡಬಹುದೆಂದು ತೋರಿಸಿದ್ದು ದೊಡ್ಡ ಕೆಲಸವೇ ಸರಿ. ಆದರೆ ಸಂಸ್ಥಾನದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ ಅಥವಾ ಕನ್ನಡ. ಹೊಲದಿಂದ ಬಂದ ಹುಡುಗನು ಲೆಕ್ಕ ಕಲಿಯುವ ಮೊದಲು, ಲೆಕ್ಕ ಹೇಳಿಕೊಡುವ ಭಾಷೆಯನ್ನು ಕಲಿಯಬೇಕಾಗಿತ್ತು.

ಆಗ ಬೀದರ ಜಿಲ್ಲೆಯ ಭಾಲ್ಕಿಯಲ್ಲಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1890–1999) ಒಂದು ಉಪಾಯ ಮಾಡಿದರು. ಶಾಲೆಯ ಹೊರಗೆ ಉರ್ದು ಫಲಕ ಹಾಕಿಸಿ, ಒಳಗೆ ಕನ್ನಡ ಕಲಿಸಿದರು. ಬೀದರ ಸೀಮೆಯ ಹಿರಿಯರು ಈ ಸಂಗತಿಯನ್ನು ಇಂದಿಗೂ ನಗುತ್ತಾ ಹೇಳುತ್ತಾರೆ. ಆದರೆ ಅಂದು ಅದು ನಗುವ ಮಾತಾಗಿರಲಿಲ್ಲ.

1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳು ರಚನೆಯಾದವು. ಬೀದರ ಜಿಲ್ಲೆಯಲ್ಲಿದ್ದ ನಾರಾಯಣಖೇಡ ತಾಲ್ಲೂಕು, ಜಹೀರಾಬಾದ ತಾಲ್ಲೂಕಿನ ಹೆಚ್ಚಿನ ಭಾಗ, ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು ತಾಲ್ಲೂಕು ಆಂಧ್ರಪ್ರದೇಶಕ್ಕೆ ಸೇರಿದವು. ಬೀದರ, ಭಾಲ್ಕಿ ಮೈಸೂರು ರಾಜ್ಯಕ್ಕೆ ಹೋದವು. ಇಲ್ಲಿಯ ಕನ್ನಡಿಗರು ಮನೆ ಬಿಡಲಿಲ್ಲ, ಹೊಲ ಮಾರಲಿಲ್ಲ. ಗಡಿಯೇ ಸರಿಯಿತು. ಅವರು ಭಾಷಾ ಅಲ್ಪಸಂಖ್ಯಾತರಾದರು.

ಗೆರೆಯನ್ನು ಎಲ್ಲಿ ಎಳೆದರೂ ಎರಡೂ ಕಡೆ ಇಂಥ ಜನ ಉಳಿಯುತ್ತಾರೆಂಬುದು ಗೊತ್ತಿದ್ದ ಮಾತು. ಆದ್ದರಿಂದ ಅದೇ ವರ್ಷ ಸಂವಿಧಾನಕ್ಕೆ ಏಳನೆಯ ತಿದ್ದುಪಡಿ ತಂದು 350ಎ ವಿಧಿಯನ್ನು ಸೇರಿಸಿದರು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಒದಗಿಸಲು ರಾಜ್ಯವು ಪ್ರಯತ್ನಿಸಬೇಕು ಎಂಬುದು ಅದರ ತಿರುಳು. ಈ ಪುಸ್ತಕ ನಿಮ್ಮ ಕೈಗೆ ಬಂದ ದಾರಿ ಇದೇ.

‘ಸಾಕಷ್ಟು’ ಎಂದರೆ ಎಷ್ಟು? 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸಭೆ ಸೇರಿ ಒಂದು ಲೆಕ್ಕ ಹಾಕಿದ್ದರು. ಒಂದು ಭಾಷೆಯ ಮಕ್ಕಳು ಇಡೀ ಶಾಲೆಯಲ್ಲಿ 40 ಮಂದಿ ಅಥವಾ ಒಂದು ತರಗತಿಯಲ್ಲಿ 10 ಮಂದಿ ಇದ್ದರೆ, ಆ ಭಾಷೆಯಲ್ಲಿ ಕಲಿಸಲು ಒಬ್ಬ ಶಿಕ್ಷಕರನ್ನಾದರೂ ನೇಮಿಸಬೇಕು. ಒಳ್ಳೆಯ ನಿಯಮ. ಆದರೆ ತರಗತಿಯಲ್ಲಿ ಒಂಬತ್ತೇ ಮಕ್ಕಳಿದ್ದರೆ? ನಮ್ಮ ಭಾಗದಲ್ಲಿ ಅನೇಕ ಕುಟುಂಬಗಳು ಕಬ್ಬು ಕಡಿಯಲು ದೂರದ ಊರುಗಳಿಗೆ ಗುಳೆ ಹೋಗುತ್ತವೆ. ತಂದೆತಾಯಿಯರ ಜೊತೆ ಹೊರಟ ಹತ್ತನೆಯ ಮಗುವಿನಿಂದಾಗಿ ಉಳಿದವರ ಪಾಠಕ್ಕೂ ಕುತ್ತು ಬರಬಹುದು. ಹಾಜರಿ ಪುಸ್ತಕದ ಒಂದೊಂದು ಹೆಸರಿಗೂ ಇಷ್ಟು ತೂಕವಿದೆ.

ಇಂಥ ಪ್ರಶ್ನೆ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಚೀನೀ ಮನೆತನಗಳ ಸುಮಾರು 1,800 ಮಕ್ಕಳು ಇಂಗ್ಲಿಷ್ ತಿಳಿಯದೆ, ಯಾವ ನೆರವೂ ಇಲ್ಲದೆ ತರಗತಿಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪಾಠ ಕೊಟ್ಟಿದ್ದೇವಲ್ಲ ಎಂದು ಅಧಿಕಾರಿಗಳು ವಾದಿಸಿದರು. 1974ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲ. ಅರ್ಥವಾಗದ ಪಾಠವನ್ನು ಎಲ್ಲರಿಗೂ ಸಮನಾಗಿ ಹಂಚಿದರೆ ಅದು ಸಮಾನತೆಯಾಗದು ಎಂಬುದು ಆ ತೀರ್ಪಿನ ಸಾರ.

ಈಗ ನಿಮ್ಮ ಪಕ್ಕದ ಸಾಲಿನತ್ತ ನೋಡಿರಿ. ತಾಂಡಾದಿಂದ ಬರುವ ಗೆಳತಿ ಮನೆಯಲ್ಲಿ ತಾಯಿಯನ್ನು ‘ಯಾಡಿ’ ಎನ್ನುತ್ತಾಳೆ, ರೊಟ್ಟಿಯನ್ನು ‘ಬಾಟಿ’ ಎನ್ನುತ್ತಾಳೆ. ಅವಳ ಲಂಬಾಣಿ ಮಾತಿಗೆ ಸ್ವಂತ ಲಿಪಿಯಿಲ್ಲ. ನಮಗೆ ಮನೆಮಾತಾದ ಕನ್ನಡ ಅವಳಿಗೆ ಶಾಲೆಗೆ ಬಂದ ಮೇಲೆ ಕಲಿಯುವ ಭಾಷೆ. ನಮಗಾಗಿ ನಾವು ಕೇಳಿದ ನ್ಯಾಯವನ್ನು ಅವಳೂ ಕೇಳಬಹುದಲ್ಲವೇ? ಇದಕ್ಕೆ 350ಎ ವಿಧಿಯಲ್ಲಿ ದಾರಿಯಿದೆ, ಪುಸ್ತಕಗಳು ಮಾತ್ರ ಬಲು ಕಡಿಮೆ.

ಕಾಲ ಮತ್ತೆ ಬದಲಾಗುತ್ತಿದೆ. 2018ರ ಕಾಯ್ದೆಯಂತೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯವಾಯಿತು. ನೆರೆಹೊರೆಯ ಮಾತನ್ನು ಕಲಿಯುವುದರಿಂದ ನಮಗೆ ಲಾಭವೇ. ಕಂಗ್ಟಿಯ ಅಂಗಡಿಗಳಲ್ಲಿ ಈ ವಿದ್ಯೆಯನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. 2022ರಿಂದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವೂ ಬಂದಿತು.

ಇಂದು ಮನೆಗೆ ಹೋದಾಗ ಅಜ್ಜ ಅಜ್ಜಿಯರನ್ನು ಕೇಳಿರಿ: ಅವರು ಶಾಲೆಗೆ ಹೋಗಿದ್ದರೇ? ಯಾವ ಭಾಷೆಯಲ್ಲಿ ಕಲಿತರು? ಹೋಗಿರದಿದ್ದರೆ ಏಕೆ? ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದು ತನ್ನಿರಿ. ಗೆಳತಿಯ ಯಾಡಿ ಹೇಳಿದ್ದನ್ನು ಕನ್ನಡ ಅಕ್ಷರಗಳಲ್ಲಿ ಬರೆಯಲು ಎಲ್ಲರೂ ಸೇರಿ ಪ್ರಯತ್ನಿಸಿರಿ.