ಅಕ್ಕಡಿಯ ಹೊಲವೂ ಊಟದ ತಟ್ಟೆಯೂ

ಕನಕದಾಸರ 'ರಾಮಧಾನ್ಯ ಚರಿತೆ'ಯ ಕಥೆಯನ್ನು ಕೇಳದ ಕನ್ನಡ ವಿದ್ಯಾರ್ಥಿ ವಿರಳ. ಭಾಮಿನಿ ಷಟ್ಪದಿಯ ಆ ಕಿರುಕಾವ್ಯದಲ್ಲಿ ನೆಲ್ಲಿಗೂ ನರೆದಲೆಗನೆಂಬ ರಾಗಿಗೂ ಹಿರಿಮೆಯ ವಿಷಯದಲ್ಲಿ ವಾದ ಹುಟ್ಟುತ್ತದೆ. ಶ್ರೀರಾಮನ ಅಪ್ಪಣೆಯಂತೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ ಹೊರತೆಗೆದಾಗ ನೆಲ್ಲು ಕಳೆಗುಂದಿರುತ್ತದೆ, ರಾಗಿ ಇದ್ದಂತೆಯೇ ಇರುತ್ತದೆ. ತರಗತಿಯಲ್ಲಿ ನಾವು ಇದನ್ನು ಮೇಲು ಕೀಳೆಂಬ ಭೇದವನ್ನು ಕುರಿತ ರೂಪಕವೆಂದು ಬೋಧಿಸುತ್ತೇವೆ, ಅದು ಸರಿಯೇ. ಆದರೆ ಹಗೇವಿಗೆ ಸುರಿದ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುವುದನ್ನು ಕಣ್ಣಾರೆ ಕಂಡ ಒಕ್ಕಲಿಗನ ಅನುಭವವೂ ಆ ಕಥೆಯ ಬುಡದಲ್ಲಿದೆ ಎಂಬುದನ್ನು ಮರೆಯಲಾಗದು. ಸೆರೆಯನ್ನು ಗೆದ್ದುಬಂದ ಆ ಧಾನ್ಯವು ನಮ್ಮ ಕಾಲದಲ್ಲಿ ಊಟದ ತಟ್ಟೆಯಿಂದ ಹೇಗೆ ಸರಿಯಿತು, ಅದರ ಸ್ಥಾನಕ್ಕೆ ಏನು ಬಂದಿತು, ಅದರಿಂದ ದೇಹಕ್ಕೆ ಏನಾಯಿತು ಎಂಬುದೇ ಪ್ರಸ್ತುತ ಲೇಖನದ ವಿಷಯ. ಲೇಖಕನು ಭಾಷೆಯನ್ನು ಬೋಧಿಸುವವನೇ ಹೊರತು ವೈದ್ಯನಲ್ಲವಾದ್ದರಿಂದ, ವೈದ್ಯರು ಅಳೆದು ತೂಗಿ ಹೇಳಿದುದನ್ನಷ್ಟೇ ಇಲ್ಲಿ ಆಧರಿಸಲಾಗಿದೆ.

ಇಂದು ಕನಕಪುರ ರಸ್ತೆಯಲ್ಲಿ ತಲೆಯ ಮೇಲೆಯೇ ಮೆಟ್ರೊ ರೈಲು ಹಾದುಹೋಗುವ ಜರಗನಹಳ್ಳಿ, ಸಾರಕ್ಕಿ, ಯಲಚೇನಹಳ್ಳಿಗಳು ಹಿಂದೆ ನಗರದ ಹೊರಗಿನ ಬೇಸಾಯದ ಊರುಗಳು. ಬೆಂಗಳೂರು ಸೀಮೆಯ ಹೊಲವೆಂದರೆ ರಾಗಿಯ ಹೊಲ. ಆದರೆ ಬರಿಯ ರಾಗಿಯದಲ್ಲ. ಕೆಲವು ಸಾಲು ರಾಗಿ, ನಡುವೆ ಒಂದು ಸಾಲು ಅವರೆ ಅಥವಾ ತೊಗರಿ, ಅಲ್ಲಲ್ಲಿ ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಅಂಚಿನಲ್ಲಿ ಜೋಳ. ಇದಕ್ಕೆ ರೈತರು ಇಟ್ಟ ಹೆಸರು ಅಕ್ಕಡಿ. ಆ ಹೊಲವನ್ನೇ ಒಲೆಯ ಬಳಿಗೆ ತಂದಂತೆ ಅಂದಿನ ಊಟವಿತ್ತು. ಮುದ್ದೆಯ ಪಕ್ಕದಲ್ಲಿ ಅವರೆಕಾಳಿನ ಸಾರು, ಹುರುಳಿಯ ಬಸ್ಸಾರು ಇಲ್ಲವೆ ಬೆರಕೆ ಸೊಪ್ಪಿನ ಮಸ್ಸೊಪ್ಪು, ನಂಚಿಕೊಳ್ಳಲು ಹುಚ್ಚೆಳ್ಳಿನ ಚಟ್ನಿ, ಕಡೆಗೆ ನೀರು ಮಜ್ಜಿಗೆ. ಧಾನ್ಯಕ್ಕೆ ಕಾಳು, ಕಾಳಿಗೆ ಸೊಪ್ಪು, ಸೊಪ್ಪಿಗೆ ಎಣ್ಣೆಕಾಳು ಹೀಗೆ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತಿತ್ತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಹೊರತಂದ ಆಹಾರ ಘಟಕಗಳ ಕೋಷ್ಟಕವನ್ನು ತೆರೆದು ನೋಡಿದರೆ ಈ ಊಟದ ತೂಕ ತಿಳಿಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ ಸುಮಾರು 364 ಮಿಲಿಗ್ರಾಂ. ಮಿಲ್ಲಿನ ಬಿಳಿ ಅಕ್ಕಿಯಲ್ಲಿ ಎಂಟನ್ನು ಮುಟ್ಟುವುದಿಲ್ಲ. ನಾರಿನ ಅಂಶ ರಾಗಿಯಲ್ಲಿ 11 ಗ್ರಾಮಿನಷ್ಟು, ಬಿಳಿ ಅಕ್ಕಿಯಲ್ಲಿಯೂ ಮೈದಾಹಿಟ್ಟಿನಲ್ಲಿಯೂ ಮೂರಕ್ಕಿಂತ ಕಡಿಮೆ. ಇಡೀ ಗೋಧಿಯ ಹಿಟ್ಟಿನಲ್ಲಿಯೂ ನಾರು 11 ಗ್ರಾಮಿನಷ್ಟೇ ಇದೆ ಎಂಬುದು ಗಮನಾರ್ಹ. ಅಂದರೆ ದೋಷ ಗೋಧಿಯದಲ್ಲ; ಅದರ ತವುಡನ್ನು ತೆಗೆದು ಬಿಳುಪು ಮಾಡಿದ ನಮ್ಮ ನಾಗರಿಕತೆಯದು.

ಪಾಶ್ಚಾತ್ಯ ಆಹಾರವೆಂದೊಡನೆ ನಮ್ಮ ಕಣ್ಣ ಮುಂದೆ ಪಿಜ್ಜಾ, ಬರ್ಗರುಗಳು ಸುಳಿಯುತ್ತವೆ. 1995ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಅಮೆರಿಕದ ಕೋಳಿ ಮಾಂಸದ ಅಂಗಡಿ ತೆರೆದುದು, ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತಸಂಘ ಅದನ್ನು ಪ್ರತಿಭಟಿಸಿದುದು, 1996ರ ಜನವರಿಯಲ್ಲಿ ಅಂಗಡಿಯ ಮೇಲೆ ದಾಳಿ ನಡೆದುದು ಹಿರಿಯ ವಿದ್ಯಾರ್ಥಿಗಳ ನೆನಪಿನಲ್ಲಿರಬಹುದು. ಆದರೆ ಮಾರ್ಪಾಟು ಅದಕ್ಕಿಂತ ಎಷ್ಟೋ ಮೊದಲೇ, ಯಾವ ಪ್ರತಿಭಟನೆಯೂ ಇಲ್ಲದೆ ಒಳಬಂದಿತ್ತು. ಒನಕೆಯ ಅಕ್ಕಿ ಹೋಗಿ ಮಿಲ್ಲಿನ ಅಕ್ಕಿ ಬಂದುದು ಮೊದಲ ಹೆಜ್ಜೆ. ಅದರ ಪರಿಣಾಮವನ್ನು ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್ಮನ್ 1890ರ ದಶಕದಲ್ಲಿಯೇ ಕೋಳಿಗಳಲ್ಲಿ ಕಂಡಿದ್ದ: ಬಿಳಿ ಅಕ್ಕಿಯನ್ನೇ ತಿಂದವು ಬೆರಿಬೆರಿಯನ್ನು ಹೋಲುವ ರೋಗಕ್ಕೆ ತುತ್ತಾದವು, ತವುಡು ಕೊಟ್ಟಾಗ ಚೇತರಿಸಿಕೊಂಡವು. ಅನಂತರ ಅಮೆರಿಕದ ಗೋಧಿ ಬಂದಿತು. ಶಾಲೆಗಳಿಗೆ ಕೇರ್ ಸಂಸ್ಥೆಯ ಉಪ್ಪಿಟ್ಟು ಬಂದಿತು. ಹಸಿದ ಮಕ್ಕಳಿಗೆ ಅದು ಅಮೃತವೇ ಆಗಿತ್ತು, ಅದನ್ನು ಹಳಿಯುವುದು ಕೃತಘ್ನತೆಯಾದೀತು. ಬೀದಿಗೊಂದು ಬೇಕರಿ ಬಂದು ಬನ್ನು, ಖಾರದ ಬಿಸ್ಕತ್ತುಗಳ ರೂಪದಲ್ಲಿ ಮೈದಾ ಮನೆಮಾತಾಯಿತು. ಪಿಜ್ಜಾ ಬರುವ ವೇಳೆಗೆ ಅದಕ್ಕೆ ಬೇಕಾದ ನಾಲಗೆ ಸಿದ್ಧವಾಗಿತ್ತು.

ಹೀಗೆಂದ ಮಾತ್ರಕ್ಕೆ ಹೊರಗಿನಿಂದ ಬಂದುದೆಲ್ಲ ತ್ಯಾಜ್ಯವೆಂದು ತಿಳಿಯಬಾರದು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ ಇವೆಲ್ಲ ಅಮೆರಿಕ ಖಂಡದವು. ಅಷ್ಟೇಕೆ, ರಾಗಿಯ ತವರೇ ಪೂರ್ವ ಆಫ್ರಿಕ. ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ನಾಡ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿಯೇ ಇಂಡಾಫ್ ತಳಿಗಳನ್ನು ಪಡೆದರು. ಹಳೆಯ ಊಟವನ್ನು ಸತ್ಯಯುಗದ ಊಟವೆಂದು ಹಾಡಿ ಹೊಗಳುವವರೂ ಒಂದು ಮಾತನ್ನು ನೆನೆಯಬೇಕು: ಹೊಟ್ಟೆ ತುಂಬದ ಮನೆಗಳು ಅಂದು ಬಹಳವಿದ್ದವು, ಬಾಣಂತಿಯರ ಮತ್ತು ಶಿಶುಗಳ ಸಾವು ಇಂದಿಗಿಂತ ಎಷ್ಟೋ ಹೆಚ್ಚಾಗಿತ್ತು.

ಆ ಕೊರತೆಯೇ ಇಂದಿನ ರೋಗದ ಒಂದು ಬೇರೆಂಬುದನ್ನು ತೋರಿಸಿದ ಮಹತ್ವದ ಅಧ್ಯಯನವೊಂದು ನಮ್ಮ ಮೈಸೂರಿನಲ್ಲಿಯೇ ನಡೆದಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದಗಳನ್ನು ಬರೆದಿಟ್ಟ ದಾಖಲೆಗಳು ಉಳಿದಿದ್ದವು. 1934ರಿಂದ 1954ರ ಅವಧಿಯಲ್ಲಿ ಅಲ್ಲಿ ಜನಿಸಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ಫಲವು 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೊ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿದ್ದರೆ, 3.2 ಕಿಲೊ ಅಥವಾ ಹೆಚ್ಚು ತೂಗಿದವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ ಇತ್ತು. ಗರ್ಭದಲ್ಲಿಯೇ ಮಿತವ್ಯಯವನ್ನು ಕಲಿತ ದೇಹಕ್ಕೆ ಮುಂದೆ ಸಮೃದ್ಧಿಯನ್ನು ತಾಳಿಕೊಳ್ಳುವ ಶಕ್ತಿ ಕುಂದುತ್ತದೆ ಎಂಬುದು ತಜ್ಞರ ವಿವರಣೆ. ಒಂದೆರಡು ತಲೆಮಾರುಗಳಲ್ಲಿ ಕೊರತೆಯಿಂದ ಅತಿರೇಕಕ್ಕೆ ನೆಗೆದ ನಮ್ಮಂಥವರಿಗೆ ಬಿಳಿಯ ಹಿಟ್ಟು, ಸಕ್ಕರೆ, ಕರಿದ ಎಣ್ಣೆ ಹೆಚ್ಚು ಬಾಧಿಸುವುದು ಇದರಿಂದಲೂ ಇರಬಹುದು. ಜಪಾನೀಯರ ಉದಾಹರಣೆಯೂ ಇಲ್ಲಿ ಸಲ್ಲುತ್ತದೆ. ತಾಯ್ನಾಡಿನಲ್ಲಿದ್ದವರಿಗಿಂತ ಹವಾಯಿಯಲ್ಲಿ ನೆಲಸಿದವರಲ್ಲಿ, ಅವರಿಗಿಂತ ಕ್ಯಾಲಿಫೋರ್ನಿಯದಲ್ಲಿ ನೆಲಸಿದವರಲ್ಲಿ ಹೃದಯರೋಗ ಹೆಚ್ಚಾಗಿತ್ತೆಂದು 1965ರಲ್ಲಿ ಆರಂಭವಾದ ಅಧ್ಯಯನವು ಕಂಡಿತು. ವಂಶ ಒಂದೇ, ಜೀವನಕ್ರಮ ಬೇರೆ.

ನಮ್ಮ ದೇಶದ ಸ್ಥಿತಿಯನ್ನು ಅಂಕಿಗಳೇ ಹೇಳುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆಯು 2023ರಲ್ಲಿ ಪ್ರಕಟಿಸಿದಂತೆ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ನಗರಗಳಲ್ಲಿ ವಯಸ್ಕರ ಪೈಕಿ ನೂರಕ್ಕೆ 16.4, ಹಳ್ಳಿಗಳಲ್ಲಿ 8.9. ಹೊಲ ಬಡಾವಣೆಯಾಗಿ, ನಡಿಗೆ ಸ್ಕೂಟರಾಗಿ ಮಾರ್ಪಟ್ಟ ಜರಗನಹಳ್ಳಿಯಂತಹ ಊರು ಎರಡನೆಯ ಪಟ್ಟಿಯಿಂದ ಮೊದಲನೆಯದಕ್ಕೆ ದಾಟಿದೆ. ಇದೇ ಸಮೀಕ್ಷೆಯ 2025ರ ವರದಿ ಇನ್ನೊಂದು ಮಾತನ್ನು ಹೇಳಿತು. ನಮ್ಮವರು ಸೇವಿಸುವ ಶಕ್ತಿಯ ಶೇಕಡಾ 62ರಷ್ಟು ಪಿಷ್ಟ ಸಕ್ಕರೆಗಳಿಂದ ಬರುತ್ತದೆ. ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ಅಷ್ಟೇ ಪ್ರಮಾಣದಲ್ಲಿ ತಿಂದರೆ ಅಪಾಯ ತಗ್ಗುವುದಿಲ್ಲ. 2023ರ ಸಿರಿಧಾನ್ಯ ವರ್ಷದ ಉತ್ಸಾಹದಲ್ಲಿ ರಾಗಿ ಬಿಸ್ಕತ್ತು ಕೊಂಡವರು ಇದನ್ನು ಗಮನಿಸತಕ್ಕದ್ದು. ಮುದ್ದೆಯೊಂದೇ ಮದ್ದಲ್ಲ, ಮುದ್ದೆಯನ್ನು ಚಿಕ್ಕದಾಗಿಸಿ ಪಕ್ಕದ ಕಾಳು ಸೊಪ್ಪುಗಳನ್ನು ಹೆಚ್ಚಿಸಬೇಕು. ಅಕ್ಕಡಿಯ ಸಾಲುಗಳನ್ನು ಕಿತ್ತು ಬರಿಯ ರಾಗಿಯನ್ನು ಉಳಿಸಿಕೊಂಡರೆ ಅದು ಹಳೆಯ ಹೊಲವಾಗದು.

ಇದು ನಮ್ಮ ಪ್ರಸಾದ ನಿಲಯದ ಅಡುಗೆಮನೆಗೂ ಸಂಬಂಧಿಸಿದ ಮಾತು. ದಾನಿಗಳು ಹುಟ್ಟುಹಬ್ಬಕ್ಕೆ, ಹಿರಿಯರ ಪುಣ್ಯಸ್ಮರಣೆಗೆ ಮಕ್ಕಳಿಗೆ ಊಟ ಹಾಕಿಸುವ ಪದ್ಧತಿ ಶ್ಲಾಘ್ಯವಾದುದು. ಆದರೆ ಬರುವ ವಸ್ತುಗಳೆಲ್ಲ ಅಕ್ಕಿ, ಸಕ್ಕರೆ, ಎಣ್ಣೆ. ಬಡಿಸುವುದು ಪೂರಿ, ಜಾಮೂನು. ಒಂದು ಚೀಲ ಅಕ್ಕಿಯ ಬದಲು ಅರ್ಧ ಚೀಲ ಅಕ್ಕಿ, ಉಳಿದ ಹಣದಲ್ಲಿ ಹುರುಳಿ, ಅವರೆ, ಹೆಸರುಕಾಳು ಕೊಡಿಸಿದರೆ ದಾಸೋಹಕ್ಕೆ ಕುಂದಿಲ್ಲ. ಸಾರಕ್ಕಿಯ ಮಾರುಕಟ್ಟೆಯಲ್ಲಿ ಬೆಳಗ್ಗೆ ಸೊಪ್ಪು ಧಾರಾಳವಾಗಿ ಸಿಗುತ್ತದೆ. ಬಿಡಿಸಿ ತೊಳೆಯುವ ಕೈಗಳ ಕೊರತೆಯೇ ತೊಡಕು, ಮೇಲಿನ ತರಗತಿಯ ಹುಡುಗರು ಸರದಿಯಂತೆ ಆ ಕೆಲಸಕ್ಕೆ ಬರಬಹುದು. ಮುದ್ದೆಯನ್ನು ನುಂಗಲು ತಿಳಿಯದೆ ಅಗಿಯತೊಡಗುವ ಮಕ್ಕಳು ಈಗ ಬಹಳ. ಅವರಿಗೆ ಈರುಳ್ಳಿ, ನುಗ್ಗೆಸೊಪ್ಪು ಸೇರಿಸಿ ತಟ್ಟಿದ ರಾಗಿ ರೊಟ್ಟಿಯಿಂದ ಆರಂಭಿಸುವುದು ಲೇಸು.