ಎಸ್ಟೋನಿಯದ ಚಿಕ್ಕ ಅಂಗಡಿ

ಬಾಲ್ಟಿಕ್ ತೀರದ ಎಸ್ಟೋನಿಯವು 1991ರಲ್ಲಿ ಸೋವಿಯತ್ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಮೇಲೆ ಖಾಸಗಿ ವ್ಯಾಪಾರವು ತಲೆಯೆತ್ತಿತು. ಗಂಡಹೆಂಡಿರು ಸೇರಿ ನಡೆಸುವ ಅಂಗಡಿಗೆ ಗುಮಾಸ್ತನನ್ನಿಡುವ ಶಕ್ತಿ ಎಲ್ಲಿಯದು? ಕಚೇರಿಗೆ ಅಲೆದ ದಿನದ ಸಂಪಾದನೆಯೇ ನಷ್ಟ. 2000ನೆಯ ಇಸವಿಯಲ್ಲಿ ತೆರಿಗೆಯ ಲೆಕ್ಕವನ್ನೂ 2007ರಲ್ಲಿ ಸಂಸ್ಥೆಯ ನೋಂದಣಿಯನ್ನೂ ಅಂತರ್ಜಾಲದ ಮೂಲಕವೇ ಮುಗಿಸುವ ಏರ್ಪಾಡಾಯಿತು. 2002ರಿಂದ ವಿತರಿಸಿದ ಗುರುತಿನ ಕಾರ್ಡೇ ಸಹಿಯ ಸಾಧನ. ಈ ಉಪಕಾರವು ಸಣ್ಣದಲ್ಲ.

ಆದರೆ ಬದುಕೆಲ್ಲ ಒಂದು ಕಾರ್ಡಿಗೆ ಜೋತುಬಿದ್ದರೆ? 2017ರಲ್ಲಿ ಅದರ ಚಿಪ್‌ನಲ್ಲಿ ಭದ್ರತಾ ದೋಷವು ಕಂಡುಬಂದಿತು. ಏಳು ಲಕ್ಷಕ್ಕೂ ಮಿಕ್ಕ ಕಾರ್ಡುಗಳು ಅದಕ್ಕೀಡಾದುವು. ನವೀಕರಿಸದ ಕಾರ್ಡುಗಳ ಸಹಿಯಧಿಕಾರವನ್ನು ಸರ್ಕಾರವು ನವೆಂಬರಿನಲ್ಲಿ ತಡೆಹಿಡಿಯಿತು. ದೊಡ್ಡ ಸಂಸ್ಥೆಗಳಿಗೆ ಇಂಥದನ್ನು ನೋಡಿಕೊಳ್ಳುವ ಸಿಬ್ಬಂದಿಯುಂಟು. ಚಿಕ್ಕ ಅಂಗಡಿಯವನಾದರೋ ನವೀಕರಣದ ಕೆಲಸವನ್ನು ತಾನೇ ನೋಡಿಕೊಳ್ಳಬೇಕಾಯಿತು.